ರೇಡಿಯೇಷನ್ ನಡುವೆ ನಿಂತರೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದು ಬಂದಿವೆ. ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್ನನ್ನು, ಊರ ಕಡೆ ‘ಕರೆಂಟ್ ಕೊಡಿಸೋದು’ ಅನ್ನುತ್ತಾರಲ್ಲ ಅದನ್ನು, ನಡುವೆ ನಿಲ್ಲಿಸಬಹುದೇ? ಕೆಲವರಿಗೆ ನೋವು ತಾಳಲಾರದೆ ನಿಲ್ಲಿಸಬೇಕೆನಿಸಿದೆ, ಕೆಲವರಿಗೆ ಯಂತ್ರ ಕೆಟ್ಟು ನಿಂತಿದೆ, ಇನ್ನು ಕೆಲವರಿಗೆ ವೈದ್ಯರೇ ಬಿಡುವು ಬರೆದುಕೊಟ್ಟಿದ್ದಾರೆ. ರೋಗಿಗಳ ಹೆಸರು, ಆಸ್ಪತ್ರೆಗಳ ಹೆಸರು ಬಿಟ್ಟು ಪತ್ರಗಳನ್ನು ಚಿಕ್ಕದು ಮಾಡಿಕೊಂಡಿದ್ದೇವೆ. ಇಲ್ಲಿರುವ ಲೆಕ್ಕಗಳು ವಿಷಯ ತಿಳಿದುಕೊಳ್ಳಲಿಕ್ಕೆ ಮಾತ್ರ. ನಿಮ್ಮ ಚಿಕಿತ್ಸೆಯಲ್ಲಿ ಏನಾದರೂ ಬದಲಾಗಬೇಕಿದ್ದರೆ ಅದನ್ನು ಮಾಡಬೇಕಾದವರು ನಿಮ್ಮ ವೈದ್ಯರು.

ಪ್ರಶ್ನೆ: ತಂದೆಯವರಿಗೆ 62 ವರ್ಷ, ನಾಲಿಗೆಯ ಬುಡದಲ್ಲಿ ಕ್ಯಾನ್ಸರ್. 35 ಸಿಟ್ಟಿಂಗ್ ಹೇಳಿದ್ದಾರೆ, ಜೊತೆಗೆ ವಾರಕ್ಕೊಂದು ಕೀಮೋ. 18 ಸಿಟ್ಟಿಂಗ್ ಮುಗಿದಿವೆ. ಬಾಯಿ ತುಂಬ ಹುಣ್ಣು, ಎಂಜಲು ನುಂಗಲೂ ಆಗುತ್ತಿಲ್ಲ. ಹದಿನೈದು ದಿನ ಊರಿಗೆ ಕರೆತಂದು, ಹುಣ್ಣು ಮಾಗಿದ ಮೇಲೆ ಉಳಿದ 17 ಮುಗಿಸಿದರೆ ಆಗದೇ? ಎಷ್ಟೋ ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪನವರಿಗೆ ವೈದ್ಯರೇ ಹೀಗೆ ಬಿಡುವು ಕೊಟ್ಟಿದ್ದರು. (ದಾವಣಗೆರೆ)

ಉತ್ತರ: ಬೇಡ. ಬಿಡುವು ಕೊಟ್ಟರೆ ಹುಣ್ಣು ಮಾಗುತ್ತದೆ ಎಂಬ ನಿಮ್ಮ ಎಣಿಕೆ ಸರಿಯೇ. ಆದರೆ ಯಾವ ಬಿಡುವಿನಲ್ಲಿ ಬಾಯಿಯ ಒಳಪೊರೆ ಚೇತರಿಸಿಕೊಳ್ಳುತ್ತದೋ ಅದೇ ಬಿಡುವಿನಲ್ಲಿ ಗಡ್ಡೆಯೂ ಚೇತರಿಸಿಕೊಳ್ಳುತ್ತದೆ. ಬಾಯಿ, ಗಂಟಲು, ಗರ್ಭಕೊರಳಿನಂಥ ಜಾಗಗಳ ಸ್ಕ್ವಾಮಸ್ (ಒಳಪೊರೆಯ ಚಪ್ಪಟೆ ಕಣಗಳಲ್ಲಿ ಹುಟ್ಟುವ) ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ಶುರುವಾಗಿ ಮೂರು–ನಾಲ್ಕು ವಾರ ಕಳೆದ ಮೇಲೆ, ಅಳಿದುಳಿದ ಕ್ಯಾನ್ಸರ್ ಕಣಗಳು ಮೊದಲಿಗಿಂತ ಬಿರುಸಾಗಿ ಇಬ್ಬಾಗವಾಗತೊಡಗುತ್ತವೆ. ಹೊರಗೆ ಗಡ್ಡೆ ಕುಗ್ಗಿದಂತೆ ಕಾಣುತ್ತಿರುವಾಗಲೇ ಒಳಗೆ ಇದು ನಡೆದಿರುತ್ತದೆ. ಹದಿನೆಂಟು ಸಿಟ್ಟಿಂಗ್ ಅಂದರೆ ನಾಲ್ಕನೆಯ ವಾರ. ಎರಡು ವಾರ ಬಿಡಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ.

ನಿಮ್ಮ ದೊಡ್ಡಪ್ಪನವರಿಗೆ ಕೊಟ್ಟದ್ದು ತಪ್ಪು ಚಿಕಿತ್ಸೆಯೇನಲ್ಲ, ಆ ಕಾಲದ ಪದ್ಧತಿ. ಅರ್ಧ ಡೋಸ್ ಕೊಟ್ಟು, ಎರಡರಿಂದ ನಾಲ್ಕು ವಾರ ಬಿಟ್ಟು, ಮತ್ತೆ ಅರ್ಧ ಕೊಡುವ ‘ಸ್ಪ್ಲಿಟ್ ಕೋರ್ಸ್’ 1960 ಮತ್ತು 70ರ ದಶಕಗಳಲ್ಲಿ ಹಲವು ದೇಶಗಳಲ್ಲಿ ಬಳಕೆಯಲ್ಲಿತ್ತು. ರೋಗಿಗೆ ತಾಳಿಕೆ, ಗಡ್ಡೆ ಕುಗ್ಗಿದಾಗ ಅದರೊಳಕ್ಕೆ ಆಮ್ಲಜನಕ ಚೆನ್ನಾಗಿ ಸೇರಿ ಮುಂದಿನ ಡೋಸ್ ಹೆಚ್ಚು ತಟ್ಟೀತೆಂಬ ನಿರೀಕ್ಷೆ, ಎರಡೂ ಅದರ ಹಿಂದಿದ್ದವು. ಲೆಕ್ಕ ತೆಗೆದು ನೋಡಿದಾಗ ನಷ್ಟವೇ ಹೆಚ್ಚೆಂದು ಗೊತ್ತಾಗಿ, ಗುಣಪಡಿಸುವ ಉದ್ದೇಶದ ಚಿಕಿತ್ಸೆಯಲ್ಲಿ ಅದನ್ನು ಕೈಬಿಟ್ಟರು.

ಹಾಗಾದರೆ ಈ ನೋವಿಗೆ ಏನು ದಾರಿ? ಸಾಮಾನ್ಯವಾಗಿ ಬಾಯಿಹುಣ್ಣು ಎರಡು–ಮೂರನೆಯ ವಾರದಲ್ಲಿ ಶುರುವಾಗಿ, ಐದನೆಯ ವಾರದಿಂದ ಕೊನೆಯವರೆಗೆ ಜೋರಾಗಿದ್ದು, ಮುಗಿದ ಎರಡರಿಂದ ಆರು ವಾರಗಳಲ್ಲಿ ಮಾಗುತ್ತದೆ. ಅಂದರೆ ಇನ್ನೂ ಹೆಚ್ಚಾಗಲಿದೆ. ಇವತ್ತೇ ತಯಾರಾಗಬೇಕು.

ನೋವಿಗೆ: ಬೆನ್ಜಿಡಮೈನ್ ಮೌತ್‌ವಾಷ್ (ಉರಿದರೆ ಅಷ್ಟೇ ನೀರು ಬೆರೆಸಿ), ಊಟಕ್ಕೆ ಮುಂಚೆ ಲಿಗ್ನೊಕೇನ್ ಜೆಲ್ ಅಥವಾ ದ್ರಾವಣ. ಅದು ಸಾಲದಿದ್ದರೆ ಮಾರ್ಫಿನ್. ಮಾರ್ಫಿನ್ ಅಂದಕೂಡಲೇ ಮನೆಯವರು ಹೆದರುತ್ತಾರೆ. ಹುಣ್ಣಿರುವ ಐದಾರು ವಾರ ವೈದ್ಯರು ಬರೆದ ಪ್ರಮಾಣದಲ್ಲಿ ಕೊಟ್ಟು, ಹುಣ್ಣು ಮಾಗಿದಂತೆ ಇಳಿಸುತ್ತಾ ನಿಲ್ಲಿಸುವ ಔಷಧ ಅದು. ಮಲಬದ್ಧತೆ ಖಂಡಿತ ಬರುತ್ತದೆ, ಮೊದಲ ದಿನದಿಂದಲೇ ಅದಕ್ಕೂ ಔಷಧ ಕೇಳಿ. ‘ಸ್ವಲ್ಪ ತಡೆದುಕೊಳ್ಳಿ’ ಎಂದು ರೋಗಿಗೆ ಹೇಳಿ ಹೇಳಿಯೇ ಎಷ್ಟೋ ಮಂದಿ ನಾಲ್ಕನೆಯ ವಾರಕ್ಕೆ ಊರ ಬಸ್ಸು ಹತ್ತುತ್ತಾರೆ.

ಬಾಯಿ ತೊಳೆಯಲು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಎಚ್ಚರವಿರುವಾಗ ಎರಡು–ಮೂರು ಗಂಟೆಗೊಮ್ಮೆ ಮುಕ್ಕಳಿಸಬೇಕು, ದಿನಕ್ಕೊಂದು ಸಲ ಹೊಸದಾಗಿ ಮಾಡಬೇಕು. ಅಂಗಡಿಯಲ್ಲಿ ಸಿಗುವ, ಆಲ್ಕೋಹಾಲ್ ಇರುವ ಖಾರದ ಮೌತ್‌ವಾಷ್ ಬೇಡ. ನಾಲಿಗೆಯ ಮೇಲೆ ಮೊಸರಿನ ಚೂರಿನಂಥ ಬಿಳಿ ಪದರ ಕಂಡರೆ ಅದು ಫಂಗಸ್ ಸೋಂಕಿರಬಹುದು. ಅದಕ್ಕೆ ಬೇರೆ ಮಾತ್ರೆ ಬೇಕು, ಹುಣ್ಣಿನ ಮುಲಾಮಿನಿಂದ ಹೋಗುವುದಿಲ್ಲ.

ಊಟಕ್ಕೆ: ನುಂಗಲು ಆಗುತ್ತಿಲ್ಲ ಎಂದರೆ ಮೂಗಿನ ಮೂಲಕ ರೈಲ್ಸ್ ಟ್ಯೂಬ್ ಹಾಕಿಸಿ. ದಿನಕ್ಕೆ ದೇಹದ ತೂಕದ ಕಿಲೋಗೆ 30ರಿಂದ 35 ಕ್ಯಾಲೊರಿ ಹೋಗಬೇಕು. 55 ಕಿಲೋ ಇರುವವರಿಗೆ ಅದು ಸುಮಾರು 1,650ರಿಂದ 1,900. ಬರೀ ಎಳನೀರು, ತಿಳಿ ಗಂಜಿಯಲ್ಲಿ ಅಷ್ಟು ಬರುವುದಿಲ್ಲ. ಹಾಲು, ಮೊಟ್ಟೆಯ ಪುಡಿ ಅಥವಾ ಪ್ರೋಟೀನ್ ಪುಡಿ, ಎಣ್ಣೆ ಅಥವಾ ತುಪ್ಪ ಸೇರಿಸಿದ, ಚೆನ್ನಾಗಿ ಸೋಸಿದ ರಾಗಿ ಗಂಜಿ ಆಗಬಹುದು. ಗಂಜಿ ಹಾಕುವಾಗ ಮತ್ತು ಹಾಕಿದ ಮೇಲೆ ಅರ್ಧ ಗಂಟೆಯಾದರೂ ಬೆನ್ನು ಎತ್ತರಿಸಿ ಕೂರಿಸಿ. ಪ್ರತಿ ಸಲವೂ ಕೊನೆಗೆ 30–50 ಮಿಲಿ ನೀರು ಹಾಕಿ ಟ್ಯೂಬ್ ತೊಳೆಯದಿದ್ದರೆ ಗಂಜಿ ಹೆಪ್ಪುಗಟ್ಟಿ ಕಟ್ಟಿಕೊಳ್ಳುತ್ತದೆ. ಮತ್ತೆ ಟ್ಯೂಬ್ ಬದಲಾಯಿಸುವ ಹಿಂಸೆ.

ತೂಕ ಇಳಿಯುವುದಕ್ಕೂ ಸಿಟ್ಟಿಂಗ್ ತಪ್ಪುವುದಕ್ಕೂ ಇನ್ನೊಂದು ನಂಟಿದೆ. ಸಿಟ್ಟಿಂಗ್ ವೇಳೆ ತಲೆ ಅಲುಗದಂತೆ ಹಿಡಿಯುವ ಮುಖದ ಮಾಸ್ಕ್ ಸಡಿಲವಾದರೆ ಜಾಗ ಕರಾರುವಾಕ್ಕಾಗಿ ಕೂರುವುದಿಲ್ಲ. ಹೊಸ ಮಾಸ್ಕ್, ಹೊಸ ಸಿ.ಟಿ., ಹೊಸ ಪ್ಲಾನ್ ಮಾಡಬೇಕಾಗುತ್ತದೆ. ಅದಕ್ಕೆ ಎರಡು–ಮೂರು ದಿನ ಹಿಡಿಯಬಹುದು. ವ್ಯತ್ಯಾಸ ಸಣ್ಣದಾಗಿದ್ದರೆ ಹಳೆಯ ಪ್ಲಾನ್‌ನಲ್ಲಿ ಸಿಟ್ಟಿಂಗ್ ನಡೆಸುತ್ತಲೇ ಹೊಸದನ್ನು ತಯಾರಿಸಲು ಬರುತ್ತದೆಯೇ ಎಂದು ಕೇಳಿ. ಗುಟ್ಕಾ, ಬೀಡಿ ಇನ್ನೂ ಇದ್ದರೆ, ಹುಣ್ಣು ಉಲ್ಬಣಿಸುವುದರಲ್ಲಿ ಅದರ ಪಾಲೂ ಇರಬಹುದು.

ಪ್ರಶ್ನೆ: ಒಂದು ದಿನವೂ ತಪ್ಪಿಸಬೇಡಿ ಅನ್ನುತ್ತಾರೆ. ಆದರೆ ಶನಿವಾರ, ಭಾನುವಾರ ಅವರೇ ರಜೆ ಮಾಡುತ್ತಾರಲ್ಲ? ವಾರಕ್ಕೆ ಎರಡು ದಿನ ಬಿಟ್ಟರೆ ಏನೂ ಆಗದು, ನಾವು ಎರಡು ದಿನ ಬಿಟ್ಟರೆ ಆಗುತ್ತದೆಯೇ? (ಬೆಂಗಳೂರು)

ಉತ್ತರ: ಕೇಳಬೇಕಾದ ಪ್ರಶ್ನೆಯೇ. ವಾರಕ್ಕೆ ಐದು ದಿನ, ದಿನಕ್ಕೆ 2 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ), ಒಟ್ಟು 70 ಗ್ರೇ ಎಂಬ ಲೆಕ್ಕ ಹುಟ್ಟಿದ್ದೇ ವಾರಾಂತ್ಯದ ರಜೆಯನ್ನು ಸೇರಿಸಿಕೊಂಡು. ಆ ಎರಡು ದಿನಗಳ ಬೆಲೆಯನ್ನು ಒಟ್ಟು ಡೋಸಿನಲ್ಲಿ ಆಗಲೇ ಕಟ್ಟಿಯಾಗಿದೆ. ನೀವು ತಪ್ಪಿಸುವ ದಿನದ ಬೆಲೆಯನ್ನು ಯಾರೂ ಕಟ್ಟಿಲ್ಲ.

ಹಾಗೆಂದು ವಾರಾಂತ್ಯ ಪುಕ್ಕಟೆಯೇನಲ್ಲ. ಡೆನ್ಮಾರ್ಕಿನ ‘ದಹಾಂಕಾ 6 ಮತ್ತು 7’ ಪರೀಕ್ಷೆಗಳಲ್ಲಿ ಅಷ್ಟೇ ಸಿಟ್ಟಿಂಗ್‌ಗಳನ್ನು ವಾರಕ್ಕೆ ಐದರ ಬದಲು ಆರು ಕೊಟ್ಟು, ಒಂದು ವಾರ ಮುಂಚೆ ಮುಗಿಸಿದರು. ತಲೆ–ಕತ್ತಿನ ಕ್ಯಾನ್ಸರ್‌ನ ಸುಮಾರು 1,500 ರೋಗಿಗಳಲ್ಲಿ ಐದು ವರ್ಷಗಳ ಹತೋಟಿ (ಗಡ್ಡೆ ಆ ಜಾಗದಲ್ಲಿ ಮರಳದಿರುವುದು) 60ರಿಂದ 70 ಶೇಕಡಕ್ಕೆ ಏರಿತು (2003ರಲ್ಲಿ ಪ್ರಕಟ). ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಗಳೂ ಸೇರಿದಂತೆ ಒಂಬತ್ತು ಕೇಂದ್ರಗಳಲ್ಲಿ ಇದನ್ನೇ ಮಾಡಿಸಿದಾಗ 30ರಿಂದ 42ಕ್ಕೆ ಏರಿತು (2010). ಡೋಸ್ ಒಂದೇ, ಯಂತ್ರವೂ ಒಂದೇ. ಬದಲಾದದ್ದು ದಿನಗಳು ಮಾತ್ರ. ಬಾಯಿಹುಣ್ಣು ಆರು ದಿನದ ಗುಂಪಿನಲ್ಲಿ ಹೆಚ್ಚಿತ್ತು ಎಂಬುದನ್ನೂ ಹೇಳಬೇಕು. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಜೊತೆಗಿದ್ದಾಗ ಹೀಗೆ ಬೇಗ ಮುಗಿಸುವುದರಿಂದ ಹೆಚ್ಚಿನ ಲಾಭ ಕಂಡಿಲ್ಲ. ಆದ್ದರಿಂದ ಈಗ ವಾರಕ್ಕೆ ಆರನ್ನು ಮುಖ್ಯವಾಗಿ ಕೀಮೋ ತಡೆಯಲಾರದವರಿಗೆ ಇಟ್ಟುಕೊಂಡಿದ್ದಾರೆ.

ತುದಿಗೆ ಹೋದವರೂ ಇದ್ದಾರೆ. ಲಂಡನ್ ಹತ್ತಿರದ ಮೌಂಟ್ ವೆರ್ನನ್ ಆಸ್ಪತ್ರೆಯವರು ರೂಪಿಸಿದ ‘ಚಾರ್ಟ್’ ಕ್ರಮದಲ್ಲಿ ದಿನಕ್ಕೆ ಮೂರು ಸಲ, ಭಾನುವಾರವೂ ಬಿಡದೆ, 12 ದಿನಗಳಲ್ಲಿ 36 ಸಿಟ್ಟಿಂಗ್, ಒಟ್ಟು 54 ಗ್ರೇ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಎರಡು ವರ್ಷ ಬದುಕುಳಿದವರು ಆರು ವಾರದ 60 ಗ್ರೇ ಕ್ರಮದಲ್ಲಿ 20 ಶೇಕಡ, ಇದರಲ್ಲಿ 29. ಕಡಿಮೆ ಡೋಸ್‌ನಿಂದ ಹೆಚ್ಚು ಫಲ. ರಾತ್ರಿ, ಭಾನುವಾರ ಯಂತ್ರ ನಡೆಸಬೇಕಾದ ಕಾರಣಕ್ಕೆ ಹೆಚ್ಚು ಕಡೆ ಹರಡಲಿಲ್ಲ, ಅಷ್ಟೇ.

ಪ್ರಶ್ನೆ: ನಮ್ಮ ಅಣ್ಣನಿಗೆ ಗಂಟಲಿಗೆ 35 ಸಿಟ್ಟಿಂಗ್. ಮೂರು ವಾರದಲ್ಲಿ 15 ಆದವು. ನಾಲ್ಕನೆಯ ವಾರ ಸೋಮವಾರದಿಂದ ಯಂತ್ರ ಕೆಟ್ಟಿದೆ, ಶುಕ್ರವಾರ ಸಂಜೆಗೆ ಸರಿಹೋಗುತ್ತದೆಯಂತೆ. ‘ಪರವಾಗಿಲ್ಲ, ಕೊನೆಗೆ ಐದು ದಿನ ಮುಂದಕ್ಕೆ ಹೋಗುತ್ತದೆ ಅಷ್ಟೇ’ ಎಂದು ಅಲ್ಲಿದ್ದ ಒಬ್ಬರು ಹೇಳಿದರು. ಹಾಗೆ ಬಿಡಬಹುದೇ? (ಕಲಬುರಗಿ)

ಉತ್ತರ: ಸುಮ್ಮನೆ ಮುಂದಕ್ಕೆ ತಳ್ಳುವುದು ಇರುವ ದಾರಿಗಳಲ್ಲಿ ಕೊನೆಯದು. ಲೆಕ್ಕ ಹಾಕಿ ನೋಡಿ.

ಸೋಮವಾರ ಶುರುವಾದ 35 ಸಿಟ್ಟಿಂಗ್ ಏಳನೆಯ ವಾರದ ಶುಕ್ರವಾರ, ಅಂದರೆ 47ನೆಯ ದಿನ ಮುಗಿಯಬೇಕು. ಐದು ಸಿಟ್ಟಿಂಗ್ ಮುಂದಕ್ಕೆ ಹೋದರೆ ಮುಗಿಯುವುದು 54ನೆಯ ದಿನ. ತಪ್ಪಿದ್ದು ಐದು ಸಿಟ್ಟಿಂಗ್, ಉದ್ದವಾದದ್ದು ಏಳು ದಿನ. 1988ರಲ್ಲಿ ವಿದರ್ಸ್ ಮತ್ತು ಸಂಗಡಿಗರು ಗಂಟಲಿನ ಕ್ಯಾನ್ಸರ್‌ನ ಸುಮಾರು 500 ರೋಗಿಗಳ ದಾಖಲೆ ನೋಡಿ ಕೊಟ್ಟ ಅಂದಾಜಿನಂತೆ, ನಾಲ್ಕು ವಾರ ದಾಟಿದ ಮೇಲೆ ಉದ್ದವಾಗುವ ಪ್ರತಿ ದಿನಕ್ಕೂ ಸುಮಾರು 0.6 ಗ್ರೇ ಗಡ್ಡೆಯ ಮರುಬೆಳವಣಿಗೆಗೇ ಖರ್ಚಾಗುತ್ತದೆ. ಏಳು ದಿನಕ್ಕೆ 4.2 ಗ್ರೇ. ಅಂದರೆ ಎಲ್ಲ 35 ಸಿಟ್ಟಿಂಗ್ ತೆಗೆದುಕೊಂಡೂ ಎರಡು ಸಿಟ್ಟಿಂಗ್ ತೆಗೆದುಕೊಳ್ಳದಂತೆ. ತಲೆ–ಕತ್ತಿನ ಕ್ಯಾನ್ಸರ್‌ನಲ್ಲಿ ದಿನಕ್ಕೆ ಸುಮಾರು ಶೇಕಡ 1ರಿಂದ 2ರಷ್ಟು ಹತೋಟಿ ಕಡಿಮೆಯಾಗುತ್ತದೆ ಎಂಬುದು ಇದೇ ಮಾತಿನ ಇನ್ನೊಂದು ರೂಪ.

ಹಾಗಾದರೆ ಆ ಎರಡು ಸಿಟ್ಟಿಂಗ್ ಸೇರಿಸಿ 37 ಕೊಟ್ಟರಾಯಿತಲ್ಲ? ಇಲ್ಲೇ ತೊಡಕು. ಬಿಡುವಿನಲ್ಲಿ ಬಾಯಿಯ ಒಳಪೊರೆ ಬೆಳೆಯಿತು, ಗಡ್ಡೆಯೂ ಬೆಳೆಯಿತು. ಆದರೆ ಬೆನ್ನುಹುರಿ, ದವಡೆ ಮೂಳೆ, ಕತ್ತಿನ ಸ್ನಾಯುಗಳಂಥ, ವರ್ಷಗಳ ಮೇಲೆ ತೊಂದರೆ ತೋರಿಸುವ ಅಂಗಗಳು ಆ ಒಂದು ವಾರದಲ್ಲಿ ಹೊಸದಾಗಿ ಬೆಳೆಯುವುದಿಲ್ಲ. ಅವುಗಳ ಖಾತೆಯಲ್ಲಿ 30 ಗ್ರೇ 30 ಗ್ರೇ ಆಗಿಯೇ ಉಳಿದಿರುತ್ತದೆ. ಹೆಚ್ಚುವರಿ ಡೋಸ್ ಅವುಗಳ ಮೇಲೆ ಪೂರ್ತಿ ಬೀಳುತ್ತದೆ. ದಿನಗಳ ನಷ್ಟವನ್ನು ಡೋಸ್‌ನಿಂದ ತುಂಬಲು ಹೋದರೆ ಮುಂದೆ ದವಡೆ ಕೊಳೆಯುವ, ಬಾಯಿ ತೆರೆಯಲಾಗದ ಬೆಲೆ ತೆರಬೇಕಾದೀತು. ಆದ್ದರಿಂದ ಡೋಸ್ ಮುಟ್ಟದೆ ದಿನಗಳನ್ನು ಹಿಡಿದು ತರುವುದೇ ಮೊದಲ ಆಯ್ಕೆ.

ನಿಮ್ಮ ಅಣ್ಣನವರ ವಿಷಯದಲ್ಲಿ ಅದು ಸಾಧ್ಯ. 20 ಸಿಟ್ಟಿಂಗ್ ಬಾಕಿ. ಈ ಶನಿವಾರ ಒಂದು. ಐದು, ಆರು, ಏಳನೆಯ ವಾರಗಳಲ್ಲಿ ಸೋಮವಾರದಿಂದ ಶನಿವಾರದವರೆಗೆ ಆರರಂತೆ ಹದಿನೆಂಟು. ಉಳಿದದ್ದು ಒಂದೇ. ಅದನ್ನು ಯಾವುದಾದರೂ ಒಂದು ದಿನ ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಸೇರಿಸಿದರೆ 48ನೆಯ ದಿನಕ್ಕೆ ಮುಗಿಯುತ್ತದೆ. ಅಂದುಕೊಂಡದ್ದಕ್ಕಿಂತ ಒಂದೇ ದಿನ ಹೆಚ್ಚು. ಒಂದೇ ದಿನ ಎರಡು ಕೊಡುವಾಗ ನಡುವೆ ಕನಿಷ್ಠ ಆರು ಗಂಟೆ ಇರಲೇಬೇಕು, ಒಳ್ಳೆಯ ಜೀವಕೋಶಗಳು ತಮಗಾದ ಪೆಟ್ಟನ್ನು ದುರಸ್ತಿ ಮಾಡಿಕೊಳ್ಳಲು ಅಷ್ಟು ಹೊತ್ತು ಬೇಕು. ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ನಾಲ್ಕೇ ಗಂಟೆಯ ಅಂತರದಲ್ಲಿ ಎರಡನೆಯದನ್ನು ಕೊಟ್ಟುಬಿಡಿ ಎಂದು ಕೇಳಬೇಡಿ.

ಶನಿವಾರ ಯಂತ್ರ ನಡೆಸಲು ಸಿಬ್ಬಂದಿ ಇಲ್ಲ ಎನ್ನುವ ಆಸ್ಪತ್ರೆಗಳಲ್ಲಿ ಇನ್ನೊಂದು ದಾರಿ: ಬಾಕಿ 20 ಸಿಟ್ಟಿಂಗ್‌ಗಳನ್ನು 15ಕ್ಕೆ ಇಳಿಸಿ, ಪ್ರತಿಯೊಂದನ್ನೂ ದೊಡ್ಡದು ಮಾಡುವುದು. ಗಡ್ಡೆಯ ಮೇಲೆ ಅಷ್ಟೇ ಪರಿಣಾಮ ಬರಲು 2ರ ಬದಲು ದಿನಕ್ಕೆ ಸುಮಾರು 2.55 ಗ್ರೇ ಬೇಕಾಗುತ್ತದೆ. ಆದರೆ ದೊಡ್ಡ ಡೋಸ್, ವರ್ಷಗಳ ಮೇಲೆ ತೊಂದರೆ ತೋರಿಸುವ ಆ ಅಂಗಗಳಿಗೆ ಹೆಚ್ಚು ಚುರುಕು ಮುಟ್ಟಿಸುತ್ತದೆ. ಅವುಗಳ ಪಾಲಿಗೆ ಅದು 40 ಗ್ರೇ ಬದಲು ಸುಮಾರು 42.5 ಗ್ರೇ ಬಿದ್ದಂತೆ. ಇದನ್ನು ಆಸ್ಪತ್ರೆಯ ಫಿಸಿಸಿಸ್ಟ್ (ಡೋಸ್ ಲೆಕ್ಕ ಹಾಕುವ ತಜ್ಞರು) ಬೆನ್ನುಹುರಿಯ ಮಿತಿಯೊಂದಿಗೆ ಹೋಲಿಸಿ ಕಾಗದದ ಮೇಲೆ ಹಾಕಿ ತೋರಿಸಬೇಕು, ಬಾಯಿಲೆಕ್ಕದಲ್ಲಿ ಮಾಡುವ ಕೆಲಸವಲ್ಲ.

ಕೆಟ್ಟ ಯಂತ್ರಕ್ಕೆ ಸರಿಜೋಡಿಯಾಗಿ ಹೊಂದಿಸಿದ ಇನ್ನೊಂದು ಯಂತ್ರ ಅದೇ ಆಸ್ಪತ್ರೆಯಲ್ಲಿದ್ದರೆ ರೋಗಿಯನ್ನು ಅದೇ ದಿನ ಅಲ್ಲಿಗೆ ಬದಲಿಸಬಹುದು. ಜೋಡಿಯಲ್ಲದ ಯಂತ್ರವಾದರೆ ಪ್ಲಾನ್ ಮತ್ತೆ ಮಾಡಬೇಕು. ಸರ್ವಿಸಿಂಗ್, ಯಂತ್ರದಲ್ಲಿ ಕಿರಣ ಸೂಸುವ ಕೋಬಾಲ್ಟ್ ಸೋರ್ಸ್‌ನ ಬದಲಾವಣೆಯಂಥವು ಮೊದಲೇ ಗೊತ್ತಿರುವ ಬಿಡುವುಗಳು. ಚಿಕಿತ್ಸೆ ಶುರುವಾಗುವ ಮುಂಚೆಯೇ ‘ಈ ಏಳು ವಾರದಲ್ಲಿ ಯಂತ್ರ ನಿಲ್ಲಿಸುವ ದಿನಗಳಿವೆಯೇ’ ಎಂದು ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ಸ್ಪ್ಲಿಟ್ ಕೋರ್ಸ್ ಕೆಟ್ಟದೆಂದು ಪಾಠದಲ್ಲಿ ಹೇಳುತ್ತಾರೆ. ಆದರೆ ಬಿಡುವು ತೆಗೆದುಕೊಂಡವರು ಮೊದಲೇ ಹೆಚ್ಚು ಬಳಲಿದವರಿರುತ್ತಾರಲ್ಲವೇ? ಫಲ ಕೆಟ್ಟದ್ದಕ್ಕೆ ಬಿಡುವನ್ನೇ ಹೊಣೆ ಮಾಡುವುದು ಸರಿಯೇ? (ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಅನುಮಾನ ನ್ಯಾಯವಾದದ್ದು. ಹಳೆಯ ದಾಖಲೆಗಳನ್ನು ತಿರುವಿಹಾಕಿ ಬರೆದ ಲೇಖನಗಳಲ್ಲಿ ಆ ದೋಷ ಇದ್ದೇ ಇರುತ್ತದೆ. ಅದರಿಂದಲೇ ಬಿಡುವನ್ನು ವೈದ್ಯರೇ ಮೊದಲು ಗೊತ್ತುಮಾಡಿ, ಎಲ್ಲರಿಗೂ ಕೊಟ್ಟ ಕ್ರಮಗಳನ್ನು ನೋಡಬೇಕು. ಅಲ್ಲಿ ಬಳಲಿದವರು, ಬಳಲದವರು ಎಂಬ ಬೇಧ ಬರುವುದಿಲ್ಲ. ಡೆನ್ಮಾರ್ಕಿನ ಓವರ್‌ಗಾರ್ಡ್ ತಂಡ 1988ರಲ್ಲಿ ಧ್ವನಿಪೆಟ್ಟಿಗೆ ಕ್ಯಾನ್ಸರ್‌ನಲ್ಲಿ ಎರಡೂ ಕ್ರಮಗಳನ್ನು ಹೋಲಿಸಿದಾಗ, ಸ್ಪ್ಲಿಟ್ ಕೋರ್ಸ್‌ನಲ್ಲಿ ಅಷ್ಟೇ ಹತೋಟಿಗೆ ಹೆಚ್ಚು ಡೋಸ್ ಬೇಕಾಗಿತ್ತು.

ಇನ್ನೂ ಬಿಗಿಯಾದ ಪುರಾವೆ ಅಮೆರಿಕದ ‘ಆರ್‌ಟಿಒಜಿ 9003’ (2000ದಲ್ಲಿ ಪ್ರಕಟ). ಸಾವಿರಕ್ಕೂ ಹೆಚ್ಚು ತಲೆ–ಕತ್ತಿನ ರೋಗಿಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿದರು: ಒಂದು, ಎಂದಿನಂತೆ 70 ಗ್ರೇ; ಎರಡು, ದಿನಕ್ಕೆರಡು ಸಲ 1.2 ಗ್ರೇಯಂತೆ 81.6; ಮೂರು, ದಿನಕ್ಕೆರಡು ಸಲ 1.6 ಗ್ರೇಯಂತೆ ಓಡಿಸಿ, 38.4ಕ್ಕೆ ಎರಡು ವಾರ ನಿಲ್ಲಿಸಿ, ಒಟ್ಟು 67.2; ನಾಲ್ಕು, ಕೊನೆಯ ದಿನಗಳಲ್ಲಿ ಎರಡನೆಯ ಡೋಸ್ ಸೇರಿಸಿ ಆರು ವಾರಕ್ಕೆ 72. ಎರಡನೆಯದೂ ನಾಲ್ಕನೆಯದೂ ಎಂದಿನ ಕ್ರಮಕ್ಕಿಂತ ಮೇಲಾದವು. ನಡುವೆ ನಿಲ್ಲಿಸಿದ ಮೂರನೆಯದು ಎಂದಿನ ಕ್ರಮದಷ್ಟೇ ಫಲ ಕೊಟ್ಟಿತು. ಓಡಿ ಗಳಿಸಿದ ದಿನಗಳನ್ನು ಎರಡು ವಾರದ ಬಿಡುವು ನುಂಗಿಹಾಕಿತ್ತು.

ಗುದದ್ವಾರದ ಕ್ಯಾನ್ಸರ್ ನೋಡಿ. ಬ್ರಿಟನ್ನಿನ ‘ಆಕ್ಟ್ 1’ ಪರೀಕ್ಷೆಯಲ್ಲಿ 45 ಗ್ರೇ ಕೊಟ್ಟು ಆರು ವಾರ ಬಿಟ್ಟು ಉಳಿದದ್ದು ಕೊಡುತ್ತಿದ್ದರು. ಮುಂದಿನ ‘ಆಕ್ಟ್ 2’ರಲ್ಲಿ ಬಿಡುವನ್ನು ಕಿತ್ತುಹಾಕಿ 28 ಸಿಟ್ಟಿಂಗ್‌ನಲ್ಲಿ ಒಂದೇ ಸಮ 50.4 ಗ್ರೇ ಕೊಟ್ಟರು, ಈಗ ನಡೆಯುತ್ತಿರುವುದು ಅದೇ. ಎರಡೂ ಬೇರೆ ಬೇರೆ ಪರೀಕ್ಷೆಗಳು, ನೇರ ಹೋಲಿಕೆ ಸಲ್ಲದು. ಆದರೂ ಇಡೀ ಕ್ಷೇತ್ರ ಯಾವ ಕಡೆ ತಿರುಗಿತು ಎಂಬುದು ಅದರಲ್ಲಿ ಕಾಣುತ್ತದೆ.

ಪ್ರಶ್ನೆ: ಅಮ್ಮನಿಗೆ ಗರ್ಭಕೊರಳಿನ ಕ್ಯಾನ್ಸರ್. ಹೊರಗಿನಿಂದ 25 ಸಿಟ್ಟಿಂಗ್ ಮೊನ್ನೆ ಶುಕ್ರವಾರ ಮುಗಿಯಿತು. ಒಳಗಿನಿಂದ ಕೊಡುವುದಕ್ಕೆ ನಾಲ್ಕು ವಾರ ಬಿಟ್ಟು ಬನ್ನಿ ಎಂದಿದ್ದಾರೆ. ಸುಸ್ತಾಗಿದ್ದಾರೆ, ವಿಶ್ರಾಂತಿ ಸಿಕ್ಕಿತೆಂದು ನಮಗೂ ಸಮಾಧಾನ. ಸರಿಯೇ? (ಚಾಮರಾಜನಗರ)

ಉತ್ತರ: ಈ ಪತ್ರ ಓದಿದ ದಿನವೇ ಆಸ್ಪತ್ರೆಗೆ ಫೋನ್ ಮಾಡಿ. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಹೊರಗಿನದೂ ಒಳಗಿನದೂ (ಬ್ರಾಕಿಥೆರಪಿ) ಸೇರಿ ಎಂಟು ವಾರ, ಅಂದರೆ 56 ದಿನಗಳೊಳಗೆ ಮುಗಿಯಬೇಕು. ಮೀರಿದ ಪ್ರತಿ ದಿನಕ್ಕೂ ಸುಮಾರು ಅರ್ಧದಿಂದ ಒಂದು ಶೇಕಡದಷ್ಟು ಹತೋಟಿ ಕುಸಿಯುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಐದು ವಾರದ ಶುಕ್ರವಾರಕ್ಕೆ 33 ದಿನ ಕಳೆದವು. ಅದಕ್ಕೆ 28 ಸೇರಿಸಿದರೆ 61. ಒಳಗಿನ ಚಿಕಿತ್ಸೆ ಶುರುವಾಗುವ ಮುಂಚೆಯೇ ಗಡುವು ದಾಟಿರುತ್ತದೆ.

7 ಗ್ರೇಯಂತೆ ನಾಲ್ಕು ಸಲ, ಅಥವಾ ನಮ್ಮ ದೇಶದ ಹಲವು ಆಸ್ಪತ್ರೆಗಳಲ್ಲಿರುವಂತೆ 9 ಗ್ರೇಯಂತೆ ಎರಡು ಸಲ ಕೊಡುತ್ತಾರೆ. ಗಡ್ಡೆ ಸಾಕಷ್ಟು ಕುಗ್ಗಿದ್ದರೆ ಮುಂದಿನ ವಾರವೇ ಶುರುಮಾಡಬಹುದು. ಬ್ರಾಕಿಥೆರಪಿ ಯಂತ್ರಕ್ಕೆ ಸರದಿ ಉದ್ದವಿದ್ದು ತಡವಾಗುತ್ತಿದ್ದರೆ, ಬೇರೆ ಕೇಂದ್ರಕ್ಕೆ ಪತ್ರ ಬರೆದುಕೊಡಿ ಎಂದು ಕೇಳಿ. ಹೊರಗಿನ ಚಿಕಿತ್ಸೆಯ ಪೂರ್ತಿ ದಾಖಲೆ (ಒಟ್ಟು ಡೋಸ್, ಸಿಟ್ಟಿಂಗ್, ಶುರುವಾದ ಮತ್ತು ಮುಗಿದ ದಿನಾಂಕ, ಪ್ಲಾನ್‌ನ ಪ್ರತಿ) ಜೊತೆಗಿರಬೇಕು, ಇಲ್ಲದಿದ್ದರೆ ಅಲ್ಲಿ ಮತ್ತೆ ವಾರ ಹೋಗುತ್ತದೆ. ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆಯಿದ್ದರೆ ಈ ವಾರವೇ ಸರಿಪಡಿಸಿಕೊಳ್ಳಿ. ಅರಿವಳಿಕೆ ಕೊಡುವ ದಿನ ರಕ್ತ ಸಾಲದೆ ವಾಪಸ್ ಕಳಿಸುವುದು ತೀರಾ ಮಾಮೂಲಿ ಸಂಗತಿ.

ಪ್ರಶ್ನೆ: ಸ್ತನದ ಆಪರೇಷನ್ ಆದಮೇಲೆ ನನಗೆ 15 ಸಿಟ್ಟಿಂಗ್. ನಡುವೆ ತಂಗಿಯ ಮದುವೆ, ಎರಡು ದಿನ ಊರಿಗೆ ಬರಬೇಕು. (ದುಬೈ)

ಉತ್ತರ: ಹೋಗಿಬನ್ನಿ, ಮೊದಲೇ ತಿಳಿಸಿ. ಗಡ್ಡೆ ತೆಗೆದಾಗಿದೆ, ಸ್ತನದ ಕ್ಯಾನ್ಸರ್ ಗಂಟಲಿನದರಷ್ಟು ಬಿರುಸಾಗಿ ಮರುಬೆಳೆಯುವ ಜಾತಿಯಲ್ಲ. ಬ್ರಿಟನ್ನಿನ ರೇಡಿಯಾಲಜಿಸ್ಟರ ರಾಯಲ್ ಕಾಲೇಜು ಗಂಟಲು, ಗರ್ಭಕೊರಳು, ಶ್ವಾಸಕೋಶದಂಥವನ್ನು ಮೊದಲ ವರ್ಗಕ್ಕೆ ಸೇರಿಸಿ ಎರಡು ದಿನಕ್ಕಿಂತ ಹೆಚ್ಚು ಉದ್ದವಾಗಬಾರದು ಎಂದಿದೆ. ಸ್ತನ, ಪ್ರಾಸ್ಟೇಟ್ ಎರಡನೆಯ ವರ್ಗ, ಅಲ್ಲಿ ಐದು ದಿನದವರೆಗೆ ಸಡಿಲ. ನಿಮ್ಮವರು ಶನಿವಾರ ಒಂದು ಸಿಟ್ಟಿಂಗ್ ಕೊಟ್ಟು ಸರಿಹೊಂದಿಸಿದರೆ ಇನ್ನೂ ಒಳ್ಳೆಯದು. ಅರಿಶಿನ ಶಾಸ್ತ್ರದಲ್ಲಿ ಆ ಭಾಗದ ಚರ್ಮಕ್ಕೆ ಏನನ್ನೂ ಹಚ್ಚಿಸಿಕೊಳ್ಳಬೇಡಿ.

ಪ್ರಶ್ನೆ: ಅಮಾವಾಸ್ಯೆ ದಿನ ಕರೆಂಟ್ ಬೇಡ ಎಂದು ಅತ್ತೆಯವರು ಹಟ ಹಿಡಿದಿದ್ದಾರೆ. ಒಂದು ದಿನ ತಾನೇ? (ಮಂಡ್ಯ)

ಉತ್ತರ: ಏಳು ವಾರದಲ್ಲಿ ಒಂದೋ ಎರಡೋ ಅಮಾವಾಸ್ಯೆ ಬರುತ್ತವೆ. ಅದರ ಪಕ್ಕದಲ್ಲಿ ದೀಪಾವಳಿಯೋ ಯುಗಾದಿಯೋ ಇದ್ದರೆ ಆಸ್ಪತ್ರೆಗೂ ರಜೆ. ಒಂದು ದಿನ ಎಂದು ಹೊರಟದ್ದು ಶನಿವಾರ, ಭಾನುವಾರ ಕೂಡಿಕೊಂಡು ನಾಲ್ಕಾಗುತ್ತದೆ. ಅತ್ತೆಯವರ ಮನಸ್ಸು ನೋಯಿಸದೆ ನಡೆಯಬೇಕಿದ್ದರೆ, ಕ್ಯಾಲೆಂಡರ್ ಹಿಡಿದು ಶುರುವಿನಲ್ಲೇ ವಿಭಾಗದವರ ಬಳಿ ಹೋಗಿ, ಆ ವಾರದ ಶನಿವಾರ ಬದಲಿ ಸಿಟ್ಟಿಂಗ್ ಸಿಗುತ್ತದೆಯೇ ಕೇಳಿ. ಸಿಗುವುದಿಲ್ಲ ಎಂದರೆ ಅಮಾವಾಸ್ಯೆಯಂದೂ ಹೋಗಬೇಕು. ಸಾಧ್ಯವಾದರೆ ಚಿಕಿತ್ಸೆ ಸೋಮವಾರ ಶುರುವಾಗಲಿ. ಶುಕ್ರವಾರ ಒಂದು ಸಿಟ್ಟಿಂಗ್ ಕೊಟ್ಟು ಎರಡು ದಿನ ಬಿಟ್ಟರೆ, ಕೊನೆಯಲ್ಲಿ ಇನ್ನೊಂದು ವಾರಾಂತ್ಯ ನಡುವೆ ಸಿಕ್ಕಿಕೊಳ್ಳಬಹುದು.

ಪ್ರಶ್ನೆ: ಯಜಮಾನರಿಗೆ ಕತ್ತಿನ ಭಾಗಕ್ಕೆ ಚಿಕಿತ್ಸೆ. ಬಿಳಿ ರಕ್ತಕಣ ಕಡಿಮೆಯಾಗಿದೆ ಎಂದು ಕೀಮೋ ನಿಲ್ಲಿಸಿದ್ದಾರೆ, ರೇಡಿಯೇಷನ್ ಮಾತ್ರ ನಡೆಸುತ್ತಿದ್ದಾರೆ. ಎರಡನ್ನೂ ನಿಲ್ಲಿಸಬೇಕಲ್ಲವೇ? (ಬಳ್ಳಾರಿ)

ಉತ್ತರ: ಅವರು ಮಾಡಿದ್ದು ಸರಿ. ರಕ್ತಕಣ ಇಳಿಸುತ್ತಿರುವುದು ಮುಖ್ಯವಾಗಿ ಕೀಮೋ. ಕತ್ತಿನ ಭಾಗಕ್ಕೆ ಬೀಳುವ ರೇಡಿಯೇಷನ್ ಮೂಳೆಮಜ್ಜೆಯ ಸಣ್ಣ ಪಾಲನ್ನಷ್ಟೇ ಮುಟ್ಟುತ್ತದೆ. ಎರಡರಲ್ಲಿ ಒಂದನ್ನು ಬಿಡಬೇಕೆಂದಾದರೆ ಬಿಡುವುದು ಕೀಮೋವನ್ನು. ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ಮಾತ್ರ ಬೆಳಗಾಗಲಿ ಎಂದು ಕಾಯದೆ, ಕ್ರೋಸಿನ್ ಕೊಟ್ಟು ಇಳಿಸಿಕೊಳ್ಳದೆ, ನೇರ ಎಮರ್ಜೆನ್ಸಿಗೆ ಕರೆದೊಯ್ಯಿರಿ.

ಪ್ರಶ್ನೆ: ಅಜ್ಜಿಗೆ 81. ಕೆನ್ನೆಯ ಕ್ಯಾನ್ಸರ್ ಬಹಳ ಮುಂದುವರಿದಿದೆ. ಎರಡು ದಿನದಲ್ಲಿ ನಾಲ್ಕು ಸಿಟ್ಟಿಂಗ್ ಕೊಟ್ಟು, ನಾಲ್ಕು ವಾರ ಬಿಟ್ಟು ಬನ್ನಿ ಎಂದರು. ಬಿಡುವು ಕೊಟ್ಟರೆ ರೋಗ ಬೆಳೆಯುತ್ತದೆ ಎಂದು ಕೇಳಿದ್ದೇವೆ. ವಯಸ್ಸಾಯಿತೆಂದು ಅಸಡ್ಡೆ ಮಾಡಿದರೇ? (ಶಿವಮೊಗ್ಗ)

ಉತ್ತರ: ಅಸಡ್ಡೆಯಲ್ಲ. ಇದು ‘ಕ್ವಾಡ್ ಶಾಟ್’ ಎಂಬ ಕ್ರಮ: ಒಂದು ಸಲಕ್ಕೆ 3.7 ಗ್ರೇ, ದಿನಕ್ಕೆ ಎರಡು, ನಡುವೆ ಆರು ಗಂಟೆ, ಎರಡು ದಿನಕ್ಕೆ 14.8. ಮೂರು–ನಾಲ್ಕು ವಾರ ಬಿಟ್ಟು ಮತ್ತೆ, ಹಾಗೆ ಹೆಚ್ಚೆಂದರೆ ಮೂರು ಸುತ್ತು, ಒಟ್ಟು 44.4 ಗ್ರೇ. ಇಲ್ಲಿನ ಗುರಿ ರೋಗವನ್ನು ಬೇರುಸಹಿತ ಕೀಳುವುದಲ್ಲ. ನೋವು, ರಕ್ತ ಸೋರುವುದು, ದುರ್ವಾಸನೆ ಕಡಿಮೆ ಮಾಡಿ, ಆಸ್ಪತ್ರೆಗೆ ಅಲೆದಾಟವಿಲ್ಲದೆ ಅಜ್ಜಿ ಮನೆಯಲ್ಲಿರುವಂತೆ ಮಾಡುವುದು. ಏಳು ವಾರ ಒಂದೇ ಸಮ ಕೊಟ್ಟರೆ ಉಳಿದ ದಿನಗಳೆಲ್ಲ ಬಾಯಿಹುಣ್ಣಿನಲ್ಲೇ ಹೋಗಬಹುದು. ನಾಲ್ಕು ವಾರದ ಬಿಡುವಿನಲ್ಲಿ ಆ ಎರಡು ದಿನದ ಕೆಂಪು, ಉರಿ ಇಳಿಯುತ್ತದೆ, ಗಡ್ಡೆ ಬಗ್ಗಿತೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ. ಬಗ್ಗಿದ್ದರೆ ಎರಡನೆಯ ಸುತ್ತು, ಇಲ್ಲದಿದ್ದರೆ ಅಜ್ಜಿಗೆ ಇನ್ನಷ್ಟು ಹಿಂಸೆ ಕೊಡದೆ ನೋವಿನ ಔಷಧದ ಕಡೆ ಗಮನ. ಬಿಡುವಿನಲ್ಲಿ ಗಾಯದಿಂದ ವಾಸನೆ ಬಂದರೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಗಾಯದ ಮೇಲೆ ಉದುರಿಸುವುದು ಉಪಶಮನ ವಿಭಾಗಗಳಲ್ಲಿ ರೂಢಿಯಲ್ಲಿದೆ. ಹೇಗೆಂದು ನರ್ಸ್ ಬಳಿ ಕಲಿತುಕೊಳ್ಳಿ. ಮುಂದಿನ ಸುತ್ತಿನ ದಿನಾಂಕಕ್ಕೆ ಒಂದೆರಡು ದಿನ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ.

ಪ್ರಶ್ನೆ: ಶ್ವಾಸಕೋಶದಲ್ಲಿ ಸಣ್ಣ ಗಡ್ಡೆ. ಮೂರೇ ಸಿಟ್ಟಿಂಗ್, ಅದೂ ದಿನ ಬಿಟ್ಟು ದಿನ. ಬೇರೆಯವರಿಗೆ ದಿನಾ ಕೊಡುವಾಗ ನಮಗೇಕೆ ಬಿಡುವು? (ಮಂಗಳೂರು)

ಉತ್ತರ: ಅದು ಎಸ್‌ಬಿಆರ್‌ಟಿ, ಸಣ್ಣ ಗಡ್ಡೆಗೆ ಕರಾರುವಾಕ್ಕಾಗಿ ಗುರಿಯಿಟ್ಟು ಕೆಲವೇ ದೊಡ್ಡ ಡೋಸ್ ಕೊಡುವ ಕ್ರಮ. ಮೂರು ಸಲಕ್ಕೆ 54 ಗ್ರೇ, ಅಂದರೆ ಒಂದೊಂದಕ್ಕೆ 18. ಮಾಮೂಲಿ ಸಿಟ್ಟಿಂಗ್‌ನ ಒಂಬತ್ತು ಪಟ್ಟು. ಅಷ್ಟು ದೊಡ್ಡ ಪೆಟ್ಟಿನ ನಂತರ ಸುತ್ತಲಿನ ಒಳ್ಳೆಯ ಅಂಗಾಂಶ ಸುಧಾರಿಸಿಕೊಳ್ಳಲಿ ಎಂದು ನಡುವೆ ಕನಿಷ್ಠ 40 ಗಂಟೆ ಬಿಡುತ್ತಾರೆ. ಇಡೀ ಚಿಕಿತ್ಸೆ ಒಂದೆರಡು ವಾರದೊಳಗೆ ಮುಗಿಯುವುದರಿಂದ, ಮೂರು–ನಾಲ್ಕು ವಾರಕ್ಕೆ ಶುರುವಾಗುವ ಆ ಬಿರುಸಿನ ಮರುಬೆಳವಣಿಗೆಗೆ ಅವಕಾಶವೇ ಸಿಗುವುದಿಲ್ಲ. ಉಸಿರಾಟದ ತರಬೇತಿ ಕೊಟ್ಟಿದ್ದರೆ ಬಿಡುವಿನ ದಿನ ಮನೆಯಲ್ಲಿ ಅಭ್ಯಾಸ ಮಾಡಿಸಿ. ಮೇಜಿನ ಮೇಲೆ ಅರ್ಧ ಗಂಟೆಯಷ್ಟು ಅಲುಗಾಡದೆ ಮಲಗಬೇಕಾಗಬಹುದು, ಆಗ ಕೆಮ್ಮು ಬಂದರೆ ಯಂತ್ರ ನಿಲ್ಲಿಸಿ ಮತ್ತೆ ಜಾಗ ಹೊಂದಿಸಬೇಕಾಗುತ್ತದೆ. ಕೆಮ್ಮಿದ್ದರೆ ಮೊದಲೇ ಹೇಳಿ ಸಿರಪ್ ಬರೆಸಿಕೊಳ್ಳಿ.